ಬಟ್ಟೆ ನಿಮ್ಮಿಷ್ಟ ಅನ್ನುವ ರೆಸಾರ್ಟಿಗೆ ಮೊದಲ ಸಲ ಹೋಗುವವರಿಗೆ: ತುಮಕೂರಿನಿಂದ ಕೆಲವು ಕಿವಿಮಾತು

ಯುರೋಪ್ ಪ್ರವಾಸಕ್ಕೆ ರೂಮು ಹುಡುಕುತ್ತಾ ಕೂತಿರುತ್ತೀರಿ. ಕ್ರೊಯೇಷಿಯಾದ ಕಡಲ ದಂಡೆಯ ಮೇಲೇ, ಪೈನ್ ಮರಗಳ ನೆರಳಲ್ಲಿ, ಒಳ್ಳೇ ಜಾಗವೊಂದು ಕಣ್ಣಿಗೆ ಬೀಳುತ್ತದೆ. ಹೆಸರಿನ ಜೊತೆಗೆ ಎಫ್‌ಕೆಕೆ ಎಂಬ ಮೂರಕ್ಷರ ಅಂಟಿಕೊಂಡಿರುತ್ತದೆ. ಯಾವುದೋ ಹೋಟೆಲ್ ಕಂಪನಿ ಇರಬೇಕು ಅಂದುಕೊಂಡು ಕಾರ್ಡ್ ಉಜ್ಜಿದರೆ ಮುಗಿಯಿತು. ಅದು ಫ್ರೈಕೋರ್ಪರ್‌ಕುಲ್ಟೂರ್ ಎಂಬ ಜರ್ಮನ್ ಪದದ ಮೊಟಕು. ಆ ಅಕ್ಷರ ಇರುವ ಕಡೆ ಜನ ಮೈಮೇಲೆ ಬಟ್ಟೆಯಿಲ್ಲದೆ ಈಜುತ್ತಾರೆ, ಬಿಸಿಲು ಕಾಯಿಸುತ್ತಾರೆ, ವಾಲಿಬಾಲ್ ಆಡುತ್ತಾರೆ, ಪೇಪರ್ ಓದುತ್ತಾರೆ.

ಗೊತ್ತಿಲ್ಲದೆ ಬುಕ್ ಮಾಡಿದವರಿಗೂ, ಗೊತ್ತಿದ್ದೇ ಹೊರಟವರಿಗೂ ಇದನ್ನು ಬರೆಯುತ್ತಿದ್ದೇನೆ. ತುಮಕೂರಿನ ಎಸ್‌ಐಟಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಎಂಎಸ್‌ಗೆ ಜರ್ಮನಿ ಸೇರಿದ ಹುಡುಗರು, ನರ್ಸಿಂಗ್ ಮುಗಿಸಿ ಅಲ್ಲಿನ ಆಸ್ಪತ್ರೆಗೆ ಹೋದ ಹೆಣ್ಣುಮಕ್ಕಳು, ಅವರ ಜೊತೆಗಾರರು, ಇವರಿಗೆಲ್ಲ ಒಂದಲ್ಲ ಒಂದು ದಿನ ಸಹೋದ್ಯೋಗಿಗಳು 'ವೀಕೆಂಡ್ ಬರ್ತೀರಾ' ಅಂತ ಕರೆಯುತ್ತಾರೆ. ನನ್ನ ಪ್ರಕಾರ ಅಲ್ಲಿ ಮೈಯ ನಾಚಿಕೆ ದೊಡ್ಡ ಸಮಸ್ಯೆಯಲ್ಲ, ಅದು ಅರ್ಧ ದಿನದಲ್ಲಿ ಸವೆದುಹೋಗುತ್ತದೆ. ನಮ್ಮವರನ್ನು ಸಿಕ್ಕಿಹಾಕಿಸುವುದು ನಮ್ಮ ಒಳ್ಳೇ ಅಭ್ಯಾಸಗಳೇ: ಎದುರು ಬಂದವರನ್ನು ತಲೆಯಿಂದ ಕಾಲಿನವರೆಗೆ ನೋಡುವುದು, ಊರು ಕೇರಿ ವಿಚಾರಿಸುವುದು, ಕಂಡದ್ದಕ್ಕೆಲ್ಲ ಫೋಟೊ ಹಿಡಿಯುವುದು, ಗುಂಪು ಕಟ್ಟಿಕೊಂಡು ಓಡಾಡುವುದು.

ಊರಿನ ಸುತ್ತ ಇಂಥದ್ದು ಇಲ್ಲ

ದೇವರಾಯನದುರ್ಗದ ತಪ್ಪಲಿನಲ್ಲಿ, ನಂದಿ ಬೆಟ್ಟದ ಬುಡದಲ್ಲಿ 'ಪ್ರೈವೇಟ್ ನ್ಯೂಡ್ ರೆಸಾರ್ಟ್' ಇದೆ ಅಂತ ಯಾರಾದರೂ ಟೆಲಿಗ್ರಾಮಿನಲ್ಲಿ ಅಡ್ವಾನ್ಸ್ ಕೇಳಿದರೆ ಒಂದು ರೂಪಾಯಿ ಕಳಿಸಬೇಡಿ. ಸಾರ್ವಜನಿಕ ಜಾಗದಲ್ಲಿ ಬೇರೆಯವರಿಗೆ ಕಿರಿಕಿರಿಯಾಗುವಂತೆ ಅಶ್ಲೀಲವಾಗಿ ನಡೆದುಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 296ನೇ ಸೆಕ್ಷನ್ ಪ್ರಕಾರ ಅಪರಾಧ. ಮೂರು ತಿಂಗಳವರೆಗೆ ಜೈಲು, ಇಲ್ಲವೇ 1000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹೋಮ್‌ಸ್ಟೇ ಅಂಗಳದಲ್ಲಿ ಪ್ರಯೋಗ ಮಾಡಲು ಹೋಗಿ ಪಕ್ಕದ ಹೊಲದವರು ಪೊಲೀಸರನ್ನು ಕರೆಸಿಕೊಳ್ಳುವ ಹಾಗೆ ಮಾಡಬೇಡಿ.

ತಮಾಷೆಯೆಂದರೆ, ಇಂಥ ಕೂಟಗಳಲ್ಲಿ ದಾಖಲೆ ಸಿಗುವ ಅತಿ ಹಳೆಯದೊಂದು ನಮ್ಮ ದೇಶದಲ್ಲೇ ಶುರುವಾಗಿತ್ತು. 1891ರಲ್ಲಿ, ಬಾಂಬೆ ಪ್ರಾಂತದ ಮಾಥೇರಾನ್ ಗಿರಿಧಾಮದಲ್ಲಿ, ಬ್ರಿಟಿಷ್ ಜಡ್ಜ್ ಚಾರ್ಲ್ಸ್ ಕ್ರಾಫರ್ಡ್ ಬೆರಳೆಣಿಕೆಯ ಸದಸ್ಯರನ್ನು ಕಟ್ಟಿಕೊಂಡು ಬೆತ್ತಲೆ ಸಂಘ ಮಾಡಿದ್ದ. ಅದು ಬೇಗ ನಿಂತುಹೋಯಿತು. ಜರ್ಮನಿಯಲ್ಲಿ 1903ರಲ್ಲಿ ಕ್ಲಿಂಗ್‌ಬೆರ್ಗ್ ಎಂಬಲ್ಲಿ ಶುರುವಾದ ಪಾರ್ಕಿನಿಂದ ಮುಂದೆ ಇದು ಬೇರು ಬಿಟ್ಟಿತು. ಫ್ರಾನ್ಸಿನ ಮೊಂಟಾಲಿವೆ 1950ರಲ್ಲಿ, ಕ್ರೊಯೇಷಿಯಾದ ಕೊವೆರ್ಸಾಡಾ 1961ರಲ್ಲಿ ಇಂಥದೇ ರೆಸಾರ್ಟುಗಳಾಗಿ ಬಾಗಿಲು ತೆರೆದವು.

ಮನೆಯಲ್ಲಿ ಯಾರಾದರೂ ಆಕ್ಷೇಪ ತೆಗೆದರೆ ವಾದಕ್ಕೆ ಅಕ್ಕಮಹಾದೇವಿಯನ್ನೋ ಗೊಮ್ಮಟನನ್ನೋ ಎಳೆದು ತರಬೇಡಿ. ಅವರದು ಎಲ್ಲವನ್ನೂ ಬಿಟ್ಟು ನಡೆದ ದಾರಿ. ನೀವು ಹೊರಟಿರುವುದು ದುಡ್ಡು ಕೊಟ್ಟು, ಬ್ರೇಕ್‌ಫಾಸ್ಟ್ ಸಮೇತ ರೂಮು ಮಾಡಿಕೊಂಡು, ಸನ್‌ಸ್ಕ್ರೀನ್ ಹಚ್ಚಿಕೊಂಡು.

ದುಡ್ಡು ಕಟ್ಟುವ ಮೊದಲು

ಹೊರಗಿಂದ ಒಂದೇ ಥರ ಕಂಡರೂ ಈ ಜಾಗಗಳಲ್ಲಿ ಮೂರು ಬಗೆ ಇದೆ, ಬೆರೆಸಿಕೊಂಡರೆ ಫಜೀತಿ.

ಕ್ಲೋಥಿಂಗ್ ಆಪ್ಷನಲ್ ಅಂದರೆ ತೊಟ್ಟರೂ ಸರಿ, ಬಿಟ್ಟರೂ ಸರಿ. ಮೊದಲ ಸಲ ಹೋಗುವವರಿಗೆ, ಅದರಲ್ಲೂ ಗಂಡ ಹೆಂಡತಿಯಲ್ಲಿ ಒಬ್ಬರಿಗೆ ಮನಸ್ಸು ಅರೆಬರೆ ಇರುವಾಗ, ಇದೇ ವಾಸಿ. ನೇಚರಿಸ್ಟ್ ಅಥವಾ ಎಫ್‌ಕೆಕೆ ಎಂದು ಬರೆದಿದ್ದರೆ ಈಜುಕೊಳ, ಸೌನಾ (ಕೂತು ಬೆವರಿಳಿಸುವ ಬಿಸಿ ಕೋಣೆ), ಬೀಚ್ ಇಂಥ ಕಡೆಗಳಲ್ಲಿ ಬಟ್ಟೆ ತೆಗೆದೇ ಇಳಿಯಬೇಕೆಂಬ ನಿಯಮ ಇರುವುದೇ ಹೆಚ್ಚು. ಚಡ್ಡಿ ಹಾಕಿಕೊಂಡು ಇಳಿದರೆ ನೌಕರರು ಬಂದು ಹೇಳುತ್ತಾರೆ. ಮೂರನೆಯದು ವಯಸ್ಕರಿಗೆ ಮಾತ್ರ ಎನ್ನುವ 'ಲೈಫ್‌ಸ್ಟೈಲ್' ರೆಸಾರ್ಟು. ಅಲ್ಲಿನ ವ್ಯವಹಾರ ಲೈಂಗಿಕ, ಜೋಡಿಗಳ ಅದಲುಬದಲು ಅಲ್ಲಿ ಗುಟ್ಟೇನಲ್ಲ. ಮೊದಲ ಎರಡಕ್ಕೂ ಇದಕ್ಕೂ ಸಂಬಂಧವಿಲ್ಲ, ಆದರೆ ಸರ್ಚ್ ಮಾಡಿದಾಗ ಮೂರೂ ಒಟ್ಟಿಗೇ ಬರುತ್ತವೆ. ಫ್ರಾನ್ಸಿನ ಕಾಪ್ ದಾಗ್ದ್‌ನ ಬೆತ್ತಲೆ ಹಳ್ಳಿಯಂಥ ಕಡೆ ಹಗಲಿನ ಬೀಚಿಗೂ ರಾತ್ರಿಯ ಕ್ಲಬ್ಬಿಗೂ ಅಜಗಜಾಂತರ. ಸುಮ್ಮನೆ ವಿಶ್ರಾಂತಿ ಬೇಕು ಅನ್ನುವವರು ಅದನ್ನು ಮೊದಲ ಆಯ್ಕೆ ಮಾಡಿಕೊಳ್ಳದಿರುವುದೇ ಲೇಸು. ಅಂತರರಾಷ್ಟ್ರೀಯ ನೇಚರಿಸ್ಟ್ ಒಕ್ಕೂಟ 1953ರಿಂದ ಇದೆ. 1974ರಲ್ಲಿ ಅದು ಒಪ್ಪಿಕೊಂಡ ವ್ಯಾಖ್ಯೆಯಲ್ಲಿ ತನ್ನ ಬಗ್ಗೆ, ಬೇರೆಯವರ ಬಗ್ಗೆ, ಪರಿಸರದ ಬಗ್ಗೆ ಗೌರವ ಎಂಬ ಮಾತಿದೆ. ಆ ಒಕ್ಕೂಟದ ಸದಸ್ಯ ಸಂಘಗಳ ಜಾಗ ಹುಡುಕಿದರೆ ನೆಮ್ಮದಿ.

ಒಂಟಿ ಗಂಡಸರು ಒಂದು ಇಮೇಲ್ ಹಾಕಿ ಕೇಳಿಕೊಂಡೇ ಬುಕ್ ಮಾಡಿ. ಎಷ್ಟೋ ಕಡೆ ಒಬ್ಬರೇ ಬರುವ ಗಂಡಸರಿಗೆ ಮಿತಿ ಇದೆ, ಕೆಲವು ಕಡೆ ಪ್ರವೇಶವೇ ಇಲ್ಲ. ಇದು ನಮ್ಮ ಬಣ್ಣಕ್ಕೋ ಪಾಸ್‌ಪೋರ್ಟಿಗೋ ಮಾಡಿದ ಅವಮಾನ ಅಂದುಕೊಳ್ಳಬೇಡಿ, ಜರ್ಮನ್ನನಿಗೂ ಅದೇ ಉತ್ತರ. ಆರೇಳು ಜನ ಗೆಳೆಯರು ಸೇರಿ 'ಗೋವಾ ಥರ' ಹೊರಟಿದ್ದರೆ ಆ ಯೋಚನೆ ಬಿಟ್ಟುಬಿಡಿ.

ಗಂಡಸರಿಗೆ ಇನ್ನೊಂದು. ಹೆಂಡತಿಗೆ ಸರ್‌ಪ್ರೈಸ್ ಕೊಡ್ತೀನಿ ಅನ್ನುವುದು ಈ ವಿಷಯದಲ್ಲಿ ಬೇಡವೇ ಬೇಡ. ಗೇಟಿನ ಹತ್ತಿರ ಬಂದಮೇಲೆ 'ಏನ್ರೀ ಇದು, ಯಾವ ಜಾಗಕ್ಕೆ ಕರ್ಕೊಂಡ್ ಬಂದಿದೀರ' ಅಂತ ಆಕೆ ಕೇಳುವಂತಾದರೆ ತಪ್ಪು ಪೂರ್ತಿ ನಿಮ್ಮದು. ಮನೆಯಲ್ಲೇ ವೆಬ್‌ಸೈಟ್ ತೋರಿಸಿ, ನಿಯಮ ಓದಿ ಹೇಳಿ, ಬೇಡ ಅಂದರೆ ಅಲ್ಲಿಗೇ ಬಿಡಿ.

ವೀಸಾದ ಚಿಂತೆ ಕೆಲವರಿಗೆ. ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ಆದ ಷೆಂಗನ್‌ನ ಅರ್ಜಿಗೆ ಕೊಡುವ ರೂಮ್ ಬುಕಿಂಗಿನಲ್ಲಿ ಇಂಥ ರೆಸಾರ್ಟಿನ ಹೆಸರಿದ್ದರೆ ತಿರಸ್ಕಾರವಾಗುತ್ತದೆಯೇ? ಅಲ್ಲಿ ಅದು ಕಾನೂನುಬದ್ಧ ವಸತಿ, ಮಿಕ್ಕ ಹೋಟೆಲಿನ ಹಾಗೇ. ಕ್ರೊಯೇಷಿಯಾ 2023ರ ಜನವರಿ 1ರಿಂದ ಷೆಂಗನ್ನಿಗೆ ಸೇರಿದೆ, ಯೂರೋ ಕೂಡ ಅಂದಿನಿಂದಲೇ.

ಚೀಲದಲ್ಲಿ ಏನಿರಬೇಕು

ಬಟ್ಟೆ ಬೇಡದ ಜಾಗಕ್ಕೆ ಚೀಲ ಯಾಕೆ ಅಂತ ನಗಬೇಡಿ. ಟವಲು ಬೇಕು, ಒಬ್ಬೊಬ್ಬರಿಗೆ ಕಡಿಮೆಯೆಂದರೂ ಎರಡು. ಒಂದು ಕೂರಲಿಕ್ಕೆ, ಒಂದು ಮೈ ಒರೆಸಲಿಕ್ಕೆ. ಕೂರುವುದು ದಪ್ಪವಾಗಿ, ಆಳುದ್ದ ಇರಲಿ. ಎರಡೂ ಬೇರೆ ಬಣ್ಣದವಾದರೆ ಅದಲುಬದಲಾಗುವುದಿಲ್ಲ.

ಒಂದು ಬಿಳಿ ಪಂಚೆ ಇಟ್ಟುಕೊಳ್ಳಿ. ಯುರೋಪಿನವರು ಸಾರೊಂಗ್ ಅಂತ ದುಡ್ಡು ಕೊಟ್ಟು ಕೊಳ್ಳುವ ಕೆಲಸವನ್ನೆಲ್ಲ ಅದು ಮಾಡುತ್ತದೆ. ರೂಮಿಂದ ಕೊಳದವರೆಗೆ ಸುತ್ತಿಕೊಳ್ಳಲು, ಸಂಜೆ ಚಳಿಗಾಳಿಗೆ ಹೊದೆಯಲು, ಕ್ಯಾಂಟೀನಿಗೆ ಹೋಗಲು. ಹೆಂಗಸರಿಗೆ ಹಳೆಯ ಕಾಟನ್ ದುಪಟ್ಟ. ಕಾಲಿಗೆ ಸ್ಲಿಪ್ಪರ್.

ಸನ್‌ಸ್ಕ್ರೀನ್ ವಿಷಯದಲ್ಲಿ ಜುಗ್ಗತನ ಬೇಡ. ನಮ್ಮ ಕಪ್ಪು ಚರ್ಮಕ್ಕೆ ಬಿಸಿಲು ಏನು ಮಾಡುತ್ತೆ ಅನ್ನುವುದು ಮುಖ, ಕೈಗೆ ಮಾತ್ರ ಅಷ್ಟಿಷ್ಟು ಸಲ್ಲುವ ಧೈರ್ಯ. ಹುಟ್ಟಿದಾಗಿನಿಂದ ಬಿಸಿಲೇ ಕಾಣದ ಭಾಗಗಳು ಬೇಗ ಸುಡುತ್ತವೆ, ಆಮೇಲೆ ಕೂರಲಿಕ್ಕೂ ಆಗುವುದಿಲ್ಲ. ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನದನ್ನು ಹೊರಗೆ ಹೋಗುವ ಮೊದಲೇ ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತೆ, ನೀರಿಂದ ಎದ್ದಾಗಲೆಲ್ಲ ಮತ್ತೆ.

ಇನ್ನು ತಾಳಿ, ಜನಿವಾರ, ಉಡುದಾರ, ಕಾಲುಂಗುರ, ಕೊರಳಿನ ಇಷ್ಟಲಿಂಗ. ಇವನ್ನು ತೆಗೆಯಿರಿ ಅಂತ ಯಾರೂ ಹೇಳುವುದಿಲ್ಲ, ಯಾರೂ ಅದರ ಬಗ್ಗೆ ನಗುವುದೂ ಇಲ್ಲ. ಆದರೆ ಸೌನಾಕ್ಕೆ ಹೋಗುವುದಾದರೆ ಲೋಹದ ಒಡವೆಯ ಬಗ್ಗೆ ಎಚ್ಚರ. ಒಣ ಸೌನಾದೊಳಗೆ ಕಾವು 80ರಿಂದ 100 ಡಿಗ್ರಿ ಸೆಲ್ಸಿಯಸ್. ಚಿನ್ನದ ಸರ, ಬೆಳ್ಳಿ ಉಡುದಾರ, ಬೆಳ್ಳಿಯ ಕರಡಿಗೆ ಎಲ್ಲವೂ ಕಾದು ಚರ್ಮಕ್ಕೆ ಬರೆ ಹಾಕುತ್ತವೆ. ತೆಗೆಯಲು ಮನಸ್ಸು ಒಪ್ಪದಿದ್ದರೆ ಸೌನಾ ಬಿಟ್ಟುಬಿಡಿ, ಕೊಳ ಸಾಕು.

ಗೇಟಿನಲ್ಲಿ

ಬಟ್ಟೆ ತೊಟ್ಟುಕೊಂಡೇ ಹೋಗಬೇಕು. ಹೇಳಬೇಕಾದ ಮಾತೇ ಅಲ್ಲ ಅನ್ನಿಸಬಹುದು, ಆದರೆ ಪಾರ್ಕಿಂಗಿನಲ್ಲೇ ಅಂಗಿ ಬಿಚ್ಚಲು ಶುರುಮಾಡುವ ಉತ್ಸಾಹಿಗಳೂ ಇದ್ದಾರೆ. ಪಾರ್ಕಿಂಗ್ ಸಾಮಾನ್ಯವಾಗಿ ಊರಿನ ರಸ್ತೆಗೆ ತೆರೆದುಕೊಂಡಿರುತ್ತದೆ, ರಿಸೆಪ್ಷನ್ನಿನಲ್ಲಿ ಕೂತವರು ಬಟ್ಟೆ ತೊಟ್ಟಿರುತ್ತಾರೆ. ಕೊರಿಯರ್‌ನವನು, ತರಕಾರಿ ತರುವವನು ಬರುವ ಜಾಗ ಅದು.

ಪಾಸ್‌ಪೋರ್ಟ್ ಕೇಳುತ್ತಾರೆ, ಕೊಡಿ. ಗುಟ್ಟಿನ ಜಾಗ ಅಂದುಕೊಂಡು ಸುಳ್ಳು ಹೆಸರು ಹೇಳುವ ಹಾಗಿಲ್ಲ. ಕ್ರೊಯೇಷಿಯಾದಂಥ ಕಡೆ ವಿದೇಶಿ ಅತಿಥಿಗಳ ನೋಂದಣಿ ಮಾಡಿಸುವುದು ವಸತಿ ಕೊಟ್ಟವರ ಹೊಣೆ. ನಿಯಮಗಳ ಹಾಳೆ ಕೊಟ್ಟರೆ ಕೂತು ಪೂರ್ತಿ ಓದಿ, ಅರ್ಥವಾಗದ್ದನ್ನು ಕೇಳಿ. 'ಇದು ನಮಗೆ ಮೊದಲ ಸಲ' ಅಂತ ಸಂಕೋಚವಿಲ್ಲದೆ ಹೇಳಿಬಿಡಿ. ಈ ಒಂದು ಮಾತಿನಿಂದ ಅರ್ಧ ಕೆಲಸ ಹಗುರವಾಗುತ್ತದೆ. ಯಾವ ಕಡೆ ಬಟ್ಟೆ ಬೇಕು, ಯಾವ ಕಡೆ ಬೇಡ, ಮೊದಲು ಎಲ್ಲಿಗೆ ಹೋದರೆ ಹಾಯೆನಿಸುತ್ತದೆ ಎಲ್ಲವನ್ನೂ ಅವರೇ ನಕ್ಷೆಯ ಮೇಲೆ ಗುರುತು ಹಾಕಿ ಕೊಡುತ್ತಾರೆ. ಬೀಚಿನಲ್ಲಿ 'ಟೆಕ್ಸ್‌ಟಿಲ್' ಎಂಬ ಬೋರ್ಡ್ ಕಂಡರೆ ಅದು ಬಟ್ಟೆ ತೊಟ್ಟವರ ಜಾಗ, ಅದರಾಚೆಗೆ ಬರಿಮೈಯಲ್ಲಿ ಹೋಗಬೇಡಿ.

ರಿಸೆಪ್ಷನ್ನಿನಿಂದ ರೂಮಿಗೆ ಸೂಟ್‌ಕೇಸ್ ಎಳೆದುಕೊಂಡು ಹೋಗುವಾಗಲೇ ಒಬ್ಬಿಬ್ಬರು ಎದುರು ಸಿಗುತ್ತಾರೆ. ಟೋಪಿ, ಚಪ್ಪಲಿ ಬಿಟ್ಟು ಇನ್ನೇನೂ ಇಲ್ಲದ ಅಜ್ಜ ಸೈಕಲ್ಲಿನಲ್ಲಿ ಬಂದು 'ಹಲೋ' ಅಂದರೆ ನೀವೂ 'ಹಲೋ' ಅನ್ನಿ. ತಲೆ ತಗ್ಗಿಸಿ ಓಡಬೇಡಿ, ಹೆಂಡತಿಯ ಮೊಣಕೈ ತಿವಿಯಬೇಡಿ.

ಮೊದಲ ಅರ್ಧ ಗಂಟೆ

ಬಾಗಿಲು ಹಾಕಿಕೊಂಡು ನೀರು ಕುಡಿದು ಸುಮ್ಮನೆ ಕೂರಿ. ನೀವು ಯಾವಾಗ ಬಟ್ಟೆ ತೆಗೆಯುತ್ತೀರೋ ಅಂತ ಹೊರಗೆ ಯಾರೂ ಕಾಯುತ್ತಿಲ್ಲ. ಸ್ನಾನ ಮಾಡಿ, ತಲೆಗೆ ಎಣ್ಣೆ ಹಚ್ಚಿದ್ದರೆ ಚೆನ್ನಾಗಿ ತೊಳೆಯಿರಿ. ಕೊಬ್ಬರಿ ಎಣ್ಣೆಯ ತಲೆಯಲ್ಲಿ ಕೊಳಕ್ಕೆ ಇಳಿಯುವುದು ಬೆತ್ತಲೆಗಿಂತ ದೊಡ್ಡ ಅಸಭ್ಯತೆ. ಆಮೇಲೆ ಪಂಚೆಯೋ ಟವಲೋ ಸುತ್ತಿಕೊಂಡು ಸೀದಾ ಕೊಳದ ಹತ್ತಿರ ಹೋಗಿ. ದಡದಲ್ಲಿ ಬಿಚ್ಚಿಟ್ಟು, ಶವರ್ ಕೆಳಗೆ ನಿಂತು, ನೀರಿಗೆ ಇಳಿಯಿರಿ. ಜನರ ನಡುವೆ ನಡೆದಾಡಿ ರೂಢಿ ಮಾಡಿಕೊಳ್ಳುತ್ತೇನೆ ಅನ್ನುವುದಕ್ಕಿಂತ ಈ ದಾರಿ ಸುಲಭ, ಯಾಕೆಂದರೆ ನೀರೊಳಗೆ ಎಲ್ಲರೂ ತಲೆ ಮಾತ್ರ.

ಕ್ಲೋಥಿಂಗ್ ಆಪ್ಷನಲ್ ಜಾಗದಲ್ಲಿ ಒಂದು ದಿನ ಪೂರ್ತಿ ಪಂಚೆಯಲ್ಲೇ ಇದ್ದರೂ ತಪ್ಪಿಲ್ಲ. ನೇಚರಿಸ್ಟ್ ಜಾಗದಲ್ಲಿ ಮಾತ್ರ ಕೊಳದ ಪಕ್ಕ ಪೂರ್ತಿ ಬಟ್ಟೆ ತೊಟ್ಟು ಕೂತು ನೋಡುತ್ತಿದ್ದರೆ ಎಲ್ಲರಿಗೂ ಇರುಸುಮುರುಸು. ಮುಟ್ಟಿನ ದಿನವಾಗಿದ್ದರೆ ಹೆಂಗಸರು ಬಿಕಿನಿಯ ಕೆಳಗಿನ ತುಂಡು ತೊಟ್ಟಿರುವುದನ್ನು ಎಲ್ಲ ಕಡೆಯೂ ಅರ್ಥ ಮಾಡಿಕೊಳ್ಳುತ್ತಾರೆ, ಕಾರಣ ಕೇಳುವುದಿಲ್ಲ.

ಎಲ್ಲಿ ಕೂತರೂ ಮೈಯ ಕೆಳಗೆ ಟವಲು ಇರಬೇಕು. ಪ್ಲಾಸ್ಟಿಕ್ ಕುರ್ಚಿ, ಕಲ್ಲು ಬೆಂಚು, ಬಾರಿನ ಸ್ಟೂಲು, ಬೇರೆಯವರ ಜಗಲಿ, ಯಾವುದಾದರೂ ಅಷ್ಟೇ. ಈ ಒಂದು ನಿಯಮ ಮುರಿದವರನ್ನು ಯಾರೂ ಕ್ಷಮಿಸುವುದಿಲ್ಲ. ಮಡಿ, ಎಂಜಲು, ಮುಸುರೆ ಅಂತ ಬೆಳೆದ ನಮಗೆ ಇದನ್ನು ಒಪ್ಪಿಕೊಳ್ಳುವುದು ಕಷ್ಟವಾಗಬಾರದು.

ಗಂಡಸರು ಕೇಳಲು ಹಿಂಜರಿಯುವ ಪ್ರಶ್ನೆಯೊಂದಿದೆ: ಮೈ ಉದ್ರೇಕಗೊಂಡರೆ? ಅಪರೂಪ, ಆದರೆ ಆಗಬಹುದು. ಬೋರಲು ಮಲಗಿ, ಟವಲು ಮುಚ್ಚಿಕೊಳ್ಳಿ, ಇಲ್ಲವೇ ತಣ್ಣೀರಿಗೆ ಇಳಿಯಿರಿ. ತೋರಿಸಿಕೊಂಡು ಓಡಾಡಿದರೆ ಮಾತ್ರ ಹೊರಗೆ ಕಳಿಸುತ್ತಾರೆ.

ಕಣ್ಣು, ಬಾಯಿ

ನಮ್ಮ ತುಮಕೂರಿನ ಬಿ.ಎಚ್. ರೋಡಿನಲ್ಲಿ ಯಾರಾದರೂ ಹೊಸಬರು ನಡೆದು ಹೋದರೆ ನಾವು ನೋಡುತ್ತೇವೆ. ಯಾರ ಮಗನಪ್ಪ ಇವನು, ಯಾರ ಮನೆಗೆ ಬಂದಿರಬಹುದು ಅಂತ ದಿಟ್ಟಿಸಿ ನೋಡುತ್ತೇವೆ, ಅದರಲ್ಲಿ ಕೆಟ್ಟ ಉದ್ದೇಶವೇನೂ ಇರುವುದಿಲ್ಲ. ಆ ನೋಟವನ್ನೇ ಅಲ್ಲಿ ನೋಡಿದರೆ ಎದುರಿನವರಿಗೆ ಮೈಮೇಲೆ ಹುಳ ಹರಿದಂತಾಗುತ್ತದೆ. ಹಾಗಂತ ಆಕಾಶ ನೋಡುತ್ತಾ ನಡೆಯಬೇಕಾಗಿಲ್ಲ. ಕೋಲಾರದ ಅಂತರಗಂಗೆಯ ಕಲ್ಯಾಣಿಯಲ್ಲಿ ಜನ ಸ್ನಾನ ಮಾಡುತ್ತಿರುವಾಗ ಮೆಟ್ಟಿಲಿಳಿಯುವ ಭಕ್ತರು ಹೇಗೆ ಕಂಡೂ ಕಾಣದ ಹಾಗೆ ಹೋಗುತ್ತಾರೋ ಹಾಗೆ ಕಣ್ಣು ಹಾಯಲಿ, ನಿಲ್ಲದಿರಲಿ. ಮಾತಾಡುವಾಗ ಮುಖ ನೋಡಿ. ಕಪ್ಪು ಕನ್ನಡಕ ಹಾಕಿಕೊಂಡರೆ ಗೊತ್ತಾಗುವುದಿಲ್ಲ ಅನ್ನುವುದು ಭ್ರಮೆ, ತಲೆ ತಿರುಗುವುದು ಕಾಣುತ್ತದಲ್ಲ.

ಮಾತಿನದೂ ಇದೇ ಕಥೆ. ನಮ್ಮ ಸೌಜನ್ಯ ಶುರುವಾಗುವುದೇ ಪ್ರಶ್ನೆಯಿಂದ. ಯಾವೂರು, ಏನು ಕೆಲಸ, ಮದುವೆಯಾಗಿದೆಯಾ, ಮಕ್ಕಳೆಷ್ಟು. ಈ ಜಾಗಗಳಲ್ಲಿ ಮೊದಲ ಹೆಸರಿನಿಂದ ಪರಿಚಯ ನಿಲ್ಲುತ್ತದೆ. ಮನೆತನದ ಹೆಸರು, ಕಂಪನಿ, ವಿಳಾಸ ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ. ಹವಾಮಾನ, ನೀರಿನ ತಂಪು, ಎಲ್ಲಿ ಒಳ್ಳೇ ಕಾಫಿ ಸಿಗುತ್ತೆ, ಇಷ್ಟು ವಿಷಯ ಮೊದಲ ದಿನಕ್ಕೆ ಸಾಕು. ಮೈ ಬಗ್ಗೆ ಒಂದಕ್ಷರವೂ ಬೇಡ. ಹೊಗಳಿಕೆಯೂ ಬೇಡ, 'ಸ್ವಲ್ಪ ದಪ್ಪಗಾಗಿದೀರಿ' ಅನ್ನುವ ನಮ್ಮೂರ ಪ್ರೀತಿಯೂ ಬೇಡ, ಹೊಟ್ಟೆಯ ಮೇಲಿನ ಆಪರೇಷನ್ ಗುರುತಿನ ವಿಚಾರಣೆಯೂ ಬೇಡ. ಕೈಕುಲುಕುವುದರಾಚೆಗೆ ಮುಟ್ಟುವಂತಿಲ್ಲ.

ಗಂಡ ಹೆಂಡತಿ ಪಿಸುಗುಟ್ಟಿ ನಗುವುದು ಇನ್ನೊಂದು ಕೆಟ್ಟ ಅಭ್ಯಾಸ. ನಮ್ಮ ಭಾಷೆ ಯಾರಿಗೆ ಗೊತ್ತಾಗುತ್ತೆ ಅನ್ನುವ ಧೈರ್ಯ. ಬಟ್ಟೆಯಿಲ್ಲದೆ ಕೂತವರ ಪಕ್ಕದಲ್ಲಿ ಗೊತ್ತಿಲ್ಲದ ಭಾಷೆಯಲ್ಲಿ ನಕ್ಕರೆ ಅದು ತಮ್ಮ ಬಗ್ಗೆಯೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಅಲ್ಲದೆ ಮೂರನೇ ಕುರ್ಚಿಯಲ್ಲಿ ಟೋಪಿ ಮುಚ್ಚಿಕೊಂಡು ಮಲಗಿದವರು ತಿಪಟೂರಿನವರೇ ಆಗಿರಬಹುದು.

ನಿಮಗೇ ಯಾರಾದರೂ ಅಂಟಿಕೊಂಡು ಕಾಟ ಕೊಟ್ಟರೆ, ಹತ್ತಿರ ಹತ್ತಿರ ಬಂದು ಕೂತರೆ, ಸಹಿಸಿಕೊಳ್ಳಬೇಡಿ. ಬೇಡ ಅಂತ ಒಂದು ಸಲ ಗಟ್ಟಿಯಾಗಿ ಹೇಳಿ, ಎದ್ದು ಹೋಗಿ ರಿಸೆಪ್ಷನ್ನಿಗೆ ತಿಳಿಸಿ. ಒಳ್ಳೇ ಹೆಸರಿನ ಜಾಗಗಳಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

ಫೋನು ರೂಮಿನಲ್ಲೇ ಇರಲಿ

ಫೋಟೊ ತೆಗೆಯುವುದಂತೂ ಇಲ್ಲವೇ ಇಲ್ಲ. ಹಿಂದೆ ಯಾರೂ ಇಲ್ಲ, ಬರೀ ಕಡಲು, ನಮ್ಮಿಬ್ಬರದೇ ಸೆಲ್ಫಿ ಅಂದರೂ ಇಲ್ಲ, ಬೇಕೇ ಬೇಕಿದ್ದರೆ ರೂಮಿನೊಳಗೆ. ಕೆಲವು ಕಡೆ ಗೇಟಿನಲ್ಲೇ ಕ್ಯಾಮೆರಾ ಮೇಲೆ ಸ್ಟಿಕ್ಕರ್ ಅಂಟಿಸಿ ಕಳಿಸುತ್ತಾರೆ. ಫೋನು ಕೈಯಲ್ಲಿ ಹಿಡಿದು ನಡೆದರೇ ಜನ ಅನುಮಾನಿಸುತ್ತಾರೆ.

ನಮ್ಮವರಿಗೆ ಇದರಲ್ಲಿ ಒಂದು ವಿಶೇಷ ಅಪಾಯವಿದೆ, ಅಮ್ಮನ ವಿಡಿಯೊ ಕಾಲ್. ಬೇಸಿಗೆಯಲ್ಲಿ ಜರ್ಮನಿ, ಫ್ರಾನ್ಸ್, ಕ್ರೊಯೇಷಿಯಾ ನಮಗಿಂತ ಮೂರೂವರೆ ಗಂಟೆ ಹಿಂದೆ. ಊರಲ್ಲಿ ರಾತ್ರಿ ಊಟ ಮುಗಿಸಿ ಒಂಬತ್ತಕ್ಕೆ ಅಮ್ಮ ಫೋನ್ ಹಿಡಿದರೆ ಅಲ್ಲಿ ಸಂಜೆ ಐದೂವರೆ, ಕೊಳದ ಪಕ್ಕ ಎಲ್ಲರೂ ಬಿಸಿಲಿಗೆ ಚಾಚಿಕೊಂಡಿರುವ ಹೊತ್ತು. ಅಭ್ಯಾಸಬಲದಿಂದ ಹಸಿರು ಗುಂಡಿ ಒತ್ತಿದಿರೋ, ಅಮ್ಮನ ಪಕ್ಕ ಕೂತ ದೊಡ್ಡಮ್ಮ, ಅತ್ತಿಗೆ, ಪಕ್ಕದ ಮನೆಯವರಿಗೆಲ್ಲ ದರ್ಶನ. ಆ ಹೊತ್ತಿಗೆ ರೂಮಿಗೆ ಬಂದು, ಬಟ್ಟೆ ತೊಟ್ಟು, ನೀವೇ ಕರೆ ಮಾಡಿ.

ಲೊಕೇಶನ್ ಚೆಕ್ ಇನ್, ಸ್ಟೇಟಸ್ ಕೂಡ ಬೇಡ. ಬೇರೊಬ್ಬರ ಗುಪ್ತಾಂಗದ ಚಿತ್ರವನ್ನು ಒಪ್ಪಿಗೆಯಿಲ್ಲದೆ ತೆಗೆಯುವುದು, ಹಂಚುವುದು ನಮ್ಮ ಐಟಿ ಕಾಯ್ದೆಯ 66ಇ ಸೆಕ್ಷನ್ ಅಡಿ ಅಪರಾಧ, ಮೂರು ವರ್ಷದವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ ಅಥವಾ ಎರಡೂ. ಅಲ್ಲಿನ ದೇಶಗಳ ಕಾನೂನೂ ಮೆತ್ತಗಿಲ್ಲ.

ಸೌನಾ, ಅಡಿಗೆ, ಊಟ

ಜರ್ಮನಿಯ ಸೌನಾಗಳಲ್ಲಿ ಹೆಣ್ಣು ಗಂಡು ಒಟ್ಟಿಗೇ ಕೂರುವುದು ಸಾಮಾನ್ಯ, ಈಜುಡುಗೆಗೆ ಅವಕಾಶವಿರುವುದಿಲ್ಲ. ಹೆಂಗಸರು ಮೊದಲ ಸಲ ಹೋಗುವಾಗ ಡಾಮೆನ್‌ಸೌನಾ ದಿನ ಹುಡುಕಿಕೊಂಡರೆ ಮುಜುಗರ ಕಡಿಮೆ, ಅವತ್ತು ಹೆಂಗಸರಿಗೆ ಮಾತ್ರ. ಮರದ ಹಲಗೆಗೆ ಬೆವರು ತಾಗಕೂಡದು, ಪಾದದ ಕೆಳಗೂ ಟವಲು. ಕಾದ ಕಲ್ಲಿಗೆ ನೀರು ಹಾಕಿ ಟವಲು ಬೀಸುವ ಔಫ್‌ಗುಸ್ ಶುರುವಾದ ಮೇಲೆ ಬಾಗಿಲು ತೆರೆದು ಒಳಗೆ ನುಗ್ಗಬೇಡಿ. ತಲೆ ಸುತ್ತಿದರೆ ಯಾರ ಮರ್ಯಾದೆಯನ್ನೂ ನೋಡದೆ ಎದ್ದು ಹೊರಗೆ ಬನ್ನಿ.

ರೆಸ್ಟೋರೆಂಟಿನಲ್ಲಿ ಸಂಜೆ ಬಟ್ಟೆ ಬೇಕೆನ್ನುವ ಕಡೆಗಳೇ ಹೆಚ್ಚು, ಬಾಗಿಲ ಬೋರ್ಡ್ ನೋಡಿ. ಅಡಿಗೆಮನೆ ಇರುವ ಕಾಟೇಜಾದರೆ ಒಗ್ಗರಣೆ ಹಾಕುವಾಗ ಏಪ್ರನ್ನನ್ನೋ ಅಂಗಿಯನ್ನೋ ಮರೆಯಬೇಡಿ. ಸಾಸಿವೆ ಸಿಡಿಯುವಾಗ ಅದರ ಬೆಲೆ ಗೊತ್ತಾಗುತ್ತದೆ. ಇಂಗಿನ ವಾಸನೆ ಅಕ್ಕಪಕ್ಕಕ್ಕೆ ಹೋದರೆ ಜನ ಬಂದು ಏನು ಮಾಡ್ತಿದೀರಿ ಅಂತ ಕೇಳುತ್ತಾರೆ, ಒಂದು ಬಟ್ಟಲು ತಿಳಿಸಾರು ಕೊಡಿ. ಸ್ನೇಹ ಬೆಳೆಯಲು ಅದಕ್ಕಿಂತ ಒಳ್ಳೇ ದಾರಿ ನಾನು ಕಾಣೆ.

ಗುರುತಿನವರು ಸಿಕ್ಕಿದರೆ

ಆಫೀಸಿನವರೋ, ಕನ್ನಡ ಕೂಟದವರೋ ಎದುರಾದರೆ ಮರದ ಹಿಂದೆ ಅವಿತುಕೊಳ್ಳಬೇಡಿ. ಅವರೂ ನಿಮ್ಮ ಹಾಗೇ ಗೇಟು ದಾಟಿ ಬಂದವರು. 'ನಮಸ್ಕಾರ, ಯಾವಾಗ ಬಂದ್ರಿ' ಅಂತ ಎರಡು ಮಾತಾಡಿ ನಿಮ್ಮ ದಾರಿ ಹಿಡಿಯಿರಿ. ಹಿರಿಯರಾದರೆ ಅಣ್ಣಾವ್ರೇ, ಅಕ್ಕಾ ಅನ್ನುವ ಮರ್ಯಾದೆ ಹಾಗೇ ಇರಲಿ. ಕಾಲಿಗೆ ಬೀಳುವುದನ್ನು ಮಾತ್ರ ಮುಂದಿನ ದೀಪಾವಳಿಗೆ ಇಟ್ಟುಕೊಳ್ಳಿ. ಅಲ್ಲಿ ಕಂಡವರ ಹೆಸರನ್ನು ಊರಿನಲ್ಲಿ, ಆಫೀಸಿನಲ್ಲಿ, ಹೆಂಡತಿಯ ತಂಗಿಯ ಮುಂದೆ ಎತ್ತಬಾರದು.

ಎಷ್ಟು ತಯಾರಾಗಿ ಹೋದರೂ ಒಳಗೆ ಹೋದಮೇಲೆ ಮನಸ್ಸು ಒಗ್ಗದಿರಬಹುದು. ಬಟ್ಟೆ ತೊಟ್ಟು ಕಾಟೇಜಿನ ಜಗಲಿಯಲ್ಲಿ ಪುಸ್ತಕ ಓದಿ, ಸಂಜೆ ಪಕ್ಕದ ಊರಿಗೆ ಹೋಗಿ ಬನ್ನಿ, ಯಾರೂ ಕಾರಣ ಕೇಳುವುದಿಲ್ಲ. ಬೇಗ ಹೊರಡುವುದಾದರೆ ಉಳಿದ ರಾತ್ರಿಗಳ ದುಡ್ಡು ವಾಪಸ್ ಬರುತ್ತದೋ ಇಲ್ಲವೋ ಅನ್ನುವುದು ಬುಕಿಂಗ್ ಷರತ್ತಿನ ಮೇಲೆ, ಮೊದಲ ಸಲ ಹೋಗುವವರು ಸ್ವಲ್ಪ ಹೆಚ್ಚು ಕೊಟ್ಟಾದರೂ ರದ್ದು ಮಾಡಬಹುದಾದ ರೇಟನ್ನೇ ಆರಿಸಿಕೊಳ್ಳಿ. ಹೊರಡುವ ದಿನ ರೂಮಿನಲ್ಲೇ ಪೂರ್ತಿ ಬಟ್ಟೆ ತೊಟ್ಟು ರಿಸೆಪ್ಷನ್ನಿಗೆ ಬನ್ನಿ, ಕೀಲಿ, ಗೇಟಿನ ಕಾರ್ಡ್ ಒಪ್ಪಿಸಿ, ಡೆಪಾಸಿಟ್ ಇಟ್ಟಿದ್ದರೆ ಕೇಳಿ ತೆಗೆದುಕೊಳ್ಳಿ. ಪಾಸ್‌ಪೋರ್ಟು ಅವರ ಹತ್ತಿರವೇ ಉಳಿದಿದ್ದರೆ ಕಾರು ಹತ್ತುವ ಮೊದಲೇ ಇಸಿದುಕೊಳ್ಳಿ.